ಹತ್ತು ಎಮ್ಮೆಯ ಮನೆಗೆ ಒಂದು ಬಟ್ಟಲು ಹೆಪ್ಪು

ಎಲ್ಲರೂ ಕೂತಿರಾ? ಕಂಬಕ್ಕೆ ಒರಗಿರುವ ಹಿರಿಯರು ಒರಗಿಯೇ ಇರಲಿ, ಅವರನ್ನು ಎಬ್ಬಿಸಿದರೆ ಕಂಬ ಬಿದ್ದೀತು. ಪ್ರಸಾದಕ್ಕೆಂದು ಮನೆಯಿಂದ ಮಾದಲಿ, ಪಾಯಸ ಹೊತ್ತು ತಂದ ತಾಯಂದಿರು ಪಾತ್ರೆಗಳನ್ನು ಮಠದ ಅಡುಗೆಮನೆಯಲ್ಲಿ ಬಿಟ್ಟು ಬಂದಿದ್ದೀರಿ ತಾನೆ? ಒಳ್ಳೆಯದು. ಆ ಪಾತ್ರೆಗಳ ಮಾತು ಕೊನೆಗೆ ಬರುತ್ತದೆ. ನೀವು ಮರೆತರೂ ನಾನು ಮರೆಯುವುದಿಲ್ಲ.

ನಿನ್ನೆ ಎಲ್ಲಿ ನಿಲ್ಲಿಸಿದ್ದೆವು? ಬದುಕು ಬದಲಾಗುತ್ತದೆ ಎಂಬಲ್ಲಿ. ಅದನ್ನು ಹೇಳುವುದಕ್ಕೆ ನಾನು ಬೇಕಾಗಿಲ್ಲ, ನಿಮ್ಮ ಮೊಣಕಾಲೇ ಹೇಳುತ್ತದೆ. ಆದರೆ ಬದಲಾದ ಮೇಲೆ ಏನು? ನಿನ್ನೆ ಪಕ್ಕದಲ್ಲಿದ್ದವರು ಇಂದು ಇಲ್ಲ. ಆಗ ನಾವು ಯಾರ ಮನುಷ್ಯರು? ಯಾರಿಗೆ ಸೇರಿದವರು? ಇದಕ್ಕೆ ದೊಡ್ಡ ದೊಡ್ಡ ಉತ್ತರಗಳಿವೆ. ನನಗೆ ಗೊತ್ತಿರುವುದು ಒಂದು ಬಟ್ಟಲಿನಷ್ಟು ಉತ್ತರ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಊರು ಯಾವುದು ಅಂತ ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ಮೂರು ಜನ ಎದ್ದು ಹೋಗುತ್ತೀರಿ. ಅವನ ಹಿತ್ತಲಲ್ಲಿ ಹತ್ತು ಎಮ್ಮೆ. ಮನೆಯ ಮುಂದೆ ಉದ್ದನೆಯ ಕಲ್ಲಿನ ಕಟ್ಟೆ. ಅವನಿಗೆ ಒಂದೇ ಒಂದು ಹೆಮ್ಮೆ: ‘ನಾನು ಯಾರ ಮುಂದೂ ಕೈ ಒಡ್ಡಿದವನಲ್ಲ.’ ನೋಡಿ, ಇದು ದೊಡ್ಡ ಗುಣ ಅಂತ ನೀವು ತಲೆ ಆಡಿಸುತ್ತಿದ್ದೀರಿ. ಆಡಿಸಿ, ಆಡಿಸಿ. ಆಮೇಲೆ ನಿಲ್ಲಿಸಲಿಕ್ಕೆ ಕಷ್ಟವಾಗುತ್ತದೆ.

ಅವನ ಮದುವೆಯ ದಿನ ಏನಾಯಿತು ಕೇಳಿ. ನಮ್ಮ ಕಡೆ ಹೊಸ ಗಂಡಹೆಂಡತಿ ಹೊಸ್ತಿಲಿಗೆ ಬಂದರೆ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹಾಕಬೇಕು. ಅವಳು ಇವನ ಹೆಸರನ್ನು, ಇವನು ಅವಳ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕು. ಹೇಳದೆ ಒಳಗೆ ಬಿಡುವುದಿಲ್ಲ. ಹುಡುಗಿ ಹೇಳಿದಳು, ಚೆಂದಾಗಿ ಹೇಳಿದಳು. ಇವನು? ‘ಇಂಥ ಹುಡುಗಾಟ ನನಗೆ ಬರೂದಿಲ್ಲ’ ಅಂದವನೇ ಹೆಂಗಸರ ನಡುವೆ ಭುಜ ತೂರಿಸಿ ಒಳಗೆ ಹೋದ. ಅಂದಿನಿಂದ ಮೂವತ್ತು ವರ್ಷ ಹೆಂಡತಿಯನ್ನು ‘ಏ’ ಅಂದ. ಬಹಳ ಪ್ರೀತಿ ಬಂದ ದಿನ ‘ಏ, ಕೇಳ್ತೇನು?’ ಅಂದ. ನಗಬೇಡಿ. ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತೀರಿ ಅಂತ ನಾನು ಕೇಳಿದ್ದೇನೆಯೇ?

ಮಕ್ಕಳಿರಲಿಲ್ಲ. ಮೂವತ್ತನೆಯ ವರ್ಷ ಹೆಂಡತಿಗೆ ಜ್ವರ ಬಂತು. ಐದು ದಿನದ ಜ್ವರ. ಆರನೆಯ ದಿನ ಅವಳಿಲ್ಲ.

ಓಣಿಗೆ ಓಣಿಯೇ ಬಂತು. ಅತ್ತರು, ಹೊತ್ತರು, ದಿನಕರ್ಮ ಮುಗಿಯುವವರೆಗೆ ಕಟ್ಟೆಯ ಮೇಲೆ ಕೂತರು. ಆಮೇಲೆ ಒಬ್ಬೊಬ್ಬರೇ ಎದ್ದರು. ಎದ್ದು ಏನಂದರು? ಏನೂ ಅನ್ನಲಿಲ್ಲ. ನಿಮಗೆ ಗೊತ್ತಿರುವುದೇ. ಬೇರೆ ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ಸಾವಾದ ಮನೆಯಲ್ಲಿ ಮಾತ್ರ ಅದನ್ನು ಅನ್ನಬಾರದು. ‘ಬರ್ತೀನಿ’ ಅಂದರೆ ಮತ್ತೊಂದು ಸಾವಿಗೆ ಬರುತ್ತೇನೆ ಅಂದಹಾಗಂತೆ. ಅದಕ್ಕೆ ಎಲ್ಲರೂ ಚಪ್ಪಲಿ ಮೆಟ್ಟಿ, ತಲೆ ತಗ್ಗಿಸಿ, ಮಾತಿಲ್ಲದೆ ಹೋದರು.

ಮಾತಿಲ್ಲದೆ ಹೋದರು, ಮತ್ತೆ ಬರಲಿಲ್ಲ.

ಒಂದು ದಿನ, ಎರಡು ದಿನ, ಹತ್ತು ದಿನ. ಸಾಹುಕಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತರೆ ಮಧ್ಯಾಹ್ನದವರೆಗೂ ಕಟ್ಟೆಯೇ ಅವನ ಜೊತೆ. ಓಣಿಯವರು ಅವನ ಮನೆ ಹತ್ತಿರ ಬರುತ್ತಿದ್ದಂತೆ ಪಕ್ಕದ ಸಂದಿಯಲ್ಲಿ ತಿರುಗಿಬಿಡುತ್ತಿದ್ದರು. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಕರೆದು ಕೇಳಬಹುದಿತ್ತು. ಕೇಳುವುದೆಂದರೆ ಕೈ ಒಡ್ಡಿದಂತೆ ಅಲ್ಲವೇ? ಹೆಂಡತಿ ಇದ್ದಾಗ ಈ ಬಾಗಿಲಲ್ಲಿ ಬಳೆ ಸದ್ದು ನಿಲ್ಲುತ್ತಿರಲಿಲ್ಲ. ಹಾಗಾದರೆ ಅವರು ಬರುತ್ತಿದ್ದುದು ಅವಳ ಮನೆಗೆ. ನಾನು ಇಲ್ಲಿ ಸುಮ್ಮನೆ ಇದ್ದೆನೋ ಏನೋ, ಅಂದುಕೊಂಡ. ಮನುಷ್ಯನಿಗೆ ತನ್ನ ಮನೆಯಲ್ಲೇ ತಾನು ಯಾರು ಅಂತ ಸಂಶಯ ಬಂದರೆ ಹೇಗಿರುತ್ತದೆ? ನಿಮ್ಮಲ್ಲಿ ಕೆಲವರಿಗೆ ಗೊತ್ತು. ನೀವು ಹೇಳಬೇಕಾಗಿಲ್ಲ.

ಈಗ ಹೆಪ್ಪಿನ ಮಾತು. ಆಳು ಹತ್ತು ಎಮ್ಮೆಯನ್ನೂ ಹಿಂಡಿ, ಹಾಲು ಕಾಸಿ ಇಟ್ಟು ಹೋಗುತ್ತಿದ್ದ. ಹಾಲಿಗೆ ಬರವಿಲ್ಲ, ಆದರೆ ಮೊಸರಿಲ್ಲ. ದುಃಖದ ಗದ್ದಲದಲ್ಲಿ ಗಡಿಗೆಯಲ್ಲಿದ್ದ ಮೊಸರು ಹುಳಿತು ಹಾಳಾಗಿತ್ತು, ನಾಳೆಗೆಂದು ಒಂದು ಚಮಚ ಎತ್ತಿಡುವುದು ಯಾರಿಗೂ ಹೊಳೆದಿರಲಿಲ್ಲ. ಎತ್ತಿಡುವವಳೇ ಹೋಗಿದ್ದಳಲ್ಲ! ಸಾಹುಕಾರ ಹಾಲಿಗೆ ನಿಂಬೆಹಣ್ಣು ಹಿಂಡಿದ, ಒಡೆಯಿತು. ಹುಣಸೆಹಣ್ಣು ಹಾಕಿದ, ಏನಾಯಿತು ಅಂತ ಎಮ್ಮೆಗೂ ಹೇಳುವಂತಿರಲಿಲ್ಲ. ಕೊನೆಗೆ ಗಡಿಗೆಯದೇ ತಪ್ಪು ಅಂತ ಹೊಸ ಗಡಿಗೆ ತರಿಸಿದ. ಆಳಿನ ಮನೆಯ ಹೆಪ್ಪು ಕೇಳಬಹುದಿತ್ತು. ಸಾಹುಕಾರನ ಹಾಲಿಗೆ ಆಳಿನ ಮನೆಯ ಹೆಪ್ಪೇ? ಛೇ. ಜಂಬವೂ ಒಂದು ಹುಳಿಯೇ, ಆದರೆ ಅದರಿಂದ ಮೊಸರಾಗುವುದಿಲ್ಲ.

ನಲವತ್ತು ದಿನ ಮೊಸರಿಲ್ಲದ ಊಟ. ನಲವತ್ತೊಂದನೆಯ ದಿನ ಬೆಳಿಗ್ಗೆ ಸಾಹುಕಾರ ರುಮಾಲು ಸುತ್ತಿಕೊಂಡು ಎದುರುಮನೆ ಮುದುಕಿಯ ಬಾಗಿಲಲ್ಲಿ ನಿಂತ. ಮುದುಕಿ ಅಕ್ಕಿ ಆರಿಸುತ್ತಿದ್ದಳು. ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತವರಲ್ಲಿ ಇವಳೂ ಒಬ್ಬಳು. ಆ ಭುಜದ ಗುದ್ದನ್ನು ಮರೆತಿರಲಿಲ್ಲ.

“ದೊಡ್ಡವ್ವ…” ಅಂದ. ರುಮಾಲಿನ ಅಂಚು ಸರಿಮಾಡಿಕೊಂಡ.

“ಯಾಕಪಾ? ಎಮ್ಮಿ ಕಳದೈತೇನ?”

“ಇಲ್ಲ. ಒಂದೀಟ… ಹೆಪ್ಪ ಬೇಕಾಗಿತ್ತು.”

ಮುದುಕಿಯ ಕೈಯಲ್ಲಿದ್ದ ಮೊರ ನಿಂತಿತು. “ಏನಂದಿ? ನನಗ ಕಿವಿ ಸ್ವಲ್ಪ ಮಂದ. ಜೋರ ಹೇಳು.”

“ಹೆಪ್ಪ!”

“ಅಯ್ಯ ಶಿವನ, ಹತ್ತ ಎಮ್ಮಿ ಕಟ್ಟಿದ ಸಾವ್ಕಾರ್ರು ಎಮ್ಮಿ ಇಲ್ಲದ ಮನಿಗೆ ಬಂದ ಹೆಪ್ಪ ಕೇಳಾಕತ್ತಾರ!” ಅವಳ ಕಿವಿ ಚೆನ್ನಾಗಿಯೇ ಇತ್ತು, ಓಣಿಗೆ ಕೇಳಿಸಲಿ ಅಂತ ಹಾಗೆ ಮಾಡಿದಳು. ಆದರೂ ಎದ್ದಳು. ಹಿತ್ತಾಳೆಯ ಸಣ್ಣ ಬಟ್ಟಲಲ್ಲಿ ಒಂದು ಚಮಚ ಮೊಸರು ತಂದುಕೊಟ್ಟಳು. “ಬಟ್ಟಲಾ ನನ್ನ ತವರಮನಿದು. ತಿರುಗಿ ಬರಬೇಕ ಮತ್ತ.”

ಮರುದಿನ ಗಡಿಗೆಯಲ್ಲಿ ಮೊಸರು ನಿಂತಿತ್ತು. ಸಾಹುಕಾರ ಬಟ್ಟಲನ್ನು ತಾನೇ ತೊಳೆದ. ಕೊಡಲಿಕ್ಕೆ ಹೊಸ್ತಿಲವರೆಗೆ ಹೋದ, ನಿಂತ. ಬೇರೆಯವರ ಪಾತ್ರೆಯನ್ನು ಖಾಲಿ ತಿರುಗಿ ಕೊಡಬಾರದು, ಅಷ್ಟು ಅವನಿಗೂ ಗೊತ್ತು. ಆದರೆ ಏನು ಹಾಕಿ ಕೊಡಬೇಕು? ಸಕ್ಕರೆಯೇ, ಬೆಲ್ಲವೇ, ಎರಡು ಮೆಣಸಿನಕಾಯಿಯೇ? ಇದೆಲ್ಲ ಹೆಂಡತಿಯ ಖಾತೆ. ಅವನು ಬಟ್ಟಲು ಹಿಡಿದು ಒಳಗೆ ಬಂದ.

ಸಂಜೆಗೆ ಮುದುಕಿಯೇ ಬಂದಳು. “ಎಲ್ಲಿ ನನ್ನ ಬಟ್ಟಲಾ?”

“ಹುಡುಕ್ತೀನಿ, ಕೂಡು ದೊಡ್ಡವ್ವ.”

ಕೂತಳು. ಕೂತವಳು ಸುಮ್ಮನೆ ಕೂತಾಳೆಯೇ? ಮೊಣಕಾಲಿನಿಂದ ಶುರುಮಾಡಿ ಸೊಸೆಗೆ ಬಂದಳು, ಸೊಸೆಯಿಂದ ಸೊಸೆಯ ತವರಿಗೆ ಹೋದಳು, ಅಲ್ಲಿಂದ ವಾಪಸು ಮೊಣಕಾಲಿಗೆ ಬಂದಳು. ಒಳಗೆ ನಿಂತ ಸಾಹುಕಾರ ಕೇಳುತ್ತಿದ್ದ. ನಲವತ್ತು ದಿನದ ಮೇಲೆ ಮನೆಯಲ್ಲಿ ಇನ್ನೊಬ್ಬರ ಧ್ವನಿ! ಬಟ್ಟಲು ಅವನ ಕೈಯಲ್ಲೇ ಇತ್ತು. ಆಗ, ನೋಡಿ, ಆ ಐವತ್ತು ದಾಟಿದ ಗೌರವಸ್ಥನ ತಲೆಯಲ್ಲಿ ಒಂದು ದುರ್ಬುದ್ಧಿ ಮೊಳೆಯಿತು. ಬಟ್ಟಲನ್ನು ಮೆಲ್ಲಗೆ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟ. ಹೊರಗೆ ಬಂದು ಮುಖ ಬಾಡಿಸಿಕೊಂಡ.

“ಸಿಗವಲ್ದು ದೊಡ್ಡವ್ವ. ನಾಳೆ ಬಾ.”

ಮರುದಿನ ಬಂದಳು. ಅದರ ಮರುದಿನವೂ ಬಂದಳು. ಒಂದು ಬಟ್ಟಲಿಗೆ ಒಂದು ಮುದುಕಿ! ಹಾಗಾದರೆ ಎರಡು ಬಟ್ಟಲಿಗೆ? ಸಾಹುಕಾರ ಲೆಕ್ಕದವನು. ರುಮಾಲು ಸುತ್ತಿ ಹೊರಟ. ಗಿರಣಿಯವನ ಮನೆಯಲ್ಲಿ ಚಟ್ನಿಪುಡಿ ಕೇಳಿದ. ಮೇಷ್ಟ್ರ ಮನೆಯಲ್ಲಿ ಉಪ್ಪಿನಕಾಯಿ ಕೇಳಿದ. ಒಂದು ಮನೆಯಲ್ಲಿ ಇಂಗು, ಇನ್ನೊಂದು ಮನೆಯಲ್ಲಿ ಸಾಸಿವೆ. ಎಲ್ಲವೂ ಅವನ ಮನೆಯಲ್ಲೇ ಡಬ್ಬಿ ಡಬ್ಬಿ ಇದ್ದವು. ಇವನಿಗೆ ಬೇಕಾದದ್ದು ಒಳಗಿನದಲ್ಲ, ಹೊರಗಿನ ಬಟ್ಟಲು. ಯಾರಿಗೂ ಕೈ ಒಡ್ಡದವನು ಓಣಿಯ ತುಂಬ ಕೈ ಒಡ್ಡಿಕೊಂಡು ತಿರುಗಿದ. ಯಾವ ಬಟ್ಟಲನ್ನೂ ತಿರುಗಿ ಕೊಡಲಿಲ್ಲ.

ಈಗ ಸಂಜೆಯಾದರೆ ಕಟ್ಟೆ ತುಂಬುತ್ತಿತ್ತು. ಬಟ್ಟಲು ಕೇಳಲು ಬಂದವರು ಕೂರುತ್ತಿದ್ದರು, ಕೂತವರು ಮಾತಾಡುತ್ತಿದ್ದರು, ಮಾತಾಡಿದವರು ಬೈದು ಹೋಗುತ್ತಿದ್ದರು. ಬೈಗುಳವೂ ಅವನಿಗೆ ಮಜ್ಜಿಗೆಯಂತೆ ತಂಪಾಗುತ್ತಿತ್ತು. ಇವನು ಒಳಗೆ ನಿಂತು ಡಬ್ಬಿಗಳನ್ನು ದಡಬಡ ಬಡಿದು ಸದ್ದು ಮಾಡುತ್ತಿದ್ದ, ಹುಡುಕುತ್ತಿದ್ದೇನೆ ಅಂತ ತೋರಿಸಲಿಕ್ಕೆ.

ಎಷ್ಟು ದಿನ ನಡೆದೀತು? ಓಣಿಯಲ್ಲಿ ಬಟ್ಟಲಿಗೆ ಬರ ಬಂತು. “ಹೆಂಡ್ತಿ ಸತ್ತ ಮ್ಯಾಲ ಸಾವ್ಕಾರಗ ತಲಿ ತಿರುಗೈತಿ” ಅಂದರು ಕೆಲವರು. “ತಲಿ ನೆಟ್ಟಗೈತಿ, ನಮ್ಮ ಬಟ್ಟಲಾ ಸಂತ್ಯಾಗ ಮಾರ್ಯಾನ” ಅಂದರು ಕೆಲವರು. ಒಂದು ಸೋಮವಾರ ಸಂಜೆ ಎದುರುಮನೆ ಮುದುಕಿ ಬಂದವಳು ಕಟ್ಟೆಯ ಮೇಲೆ ಕೂರಲಿಲ್ಲ. ಸೆರಗು ಸಿಕ್ಕಿಸಿ ಸೀದಾ ಅಡುಗೆಮನೆಗೆ ನುಗ್ಗಿದಳು. ಮೇಲಿನ ಹಲಗೆಗೆ ಹಾಕಿದ್ದ ಪರದೆ ಎಳೆದಳು.

ಅಲ್ಲಿ ಇಡೀ ಓಣಿ ಸಾಲಾಗಿ ಕೂತಿತ್ತು. ಹಿತ್ತಾಳೆ, ಸ್ಟೀಲು, ಪಿಂಗಾಣಿ. ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿ ಇಟ್ಟಿದ್ದ.

“ಕಳ್ಳ! ಬರ್ರಿ ಎಲ್ಲಾರೂ, ಕಳ್ಳ ಇಲ್ಲೇ ಅದಾನು!”

ಓಣಿ ಓಡಿ ಬಂತು. ಗಿರಣಿಯವನು ಮುಂದೆ ನಿಂತು ಕೂಗಿದ. “ಹದಿನೈದ ದಿನ ಆತು, ನಾ ತಂಬಿಗ್ಯಾಗ ಸಾರು ಕುಡಿಯಾಕತ್ತೀನಿ! ನಿಮಗೇನ ಕಡಿಮಿ ಆಗಿತ್ರಿ? ಯಾಕ ಮಾಡಿದ್ರಿ ಇದನ್ನ?”

ಸಾಹುಕಾರ ಗೋಡೆಗೆ ಒತ್ತಿ ನಿಂತಿದ್ದ. ಸುಳ್ಳು ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು, ಆಳಿನ ಮೇಲೆ ಹಾಕಬಹುದಿತ್ತು. ಸಾಹುಕಾರರಿಗೆ ಅದು ಕಷ್ಟವೇ? ಆದರೆ ಬಟ್ಟಲುಗಳೆಲ್ಲ ಈಗ ಹೋಗುತ್ತವೆ, ಬಟ್ಟಲಿನ ಹಿಂದೆ ಮನುಷ್ಯರೂ ಹೋಗುತ್ತಾರೆ, ನಾಳೆಯಿಂದ ಮತ್ತೆ ಕಟ್ಟೆ, ಮತ್ತೆ ತಾನು. ಅವನಿಗೆ ಅದೊಂದೇ ಕಣ್ಣಿಗೆ ಕಟ್ಟಿತ್ತು.

“ಬಟ್ಟಲಾ ಕೊಟ್ಟರ ನೀವು ಬರೂದಿಲ್ಲಲ್ಲ” ಅಂದ.

ಗಿರಣಿಯವನು ಒಂದು ಹೆಜ್ಜೆ ಹಿಂದೆ ಸರಿದ.

“ಆಕಿ ಹೋದಾಗ ಎಲ್ಲಾರೂ ಬಂದ್ರಿ. ಎದ್ದು ಹೋಗೂವಾಗ ಒಬ್ಬರೂ ಬರ್ತೀನಿ ಅನಲಿಲ್ಲ.”

“ಸತ್ತ ಮನ್ಯಾಗ ಹಂಗ ಅನಬಾರದೋ ಮಾರಾಯಾ!” ಅಂದಳು ಮುದುಕಿ.

“ನನಗೂ ಗೊತ್ತೈತಿ ದೊಡ್ಡವ್ವ. ಕಿವಿಗೆ ಗೊತ್ತಾಗಲಿಲ್ಲ.”

ಮುದುಕಿ ಅವನನ್ನು ನೋಡಿದಳು. ಆಮೇಲೆ ತಿರುಗಿ ಹೊರಗೆ ಹೋದಳು. ಸಿಟ್ಟಿನಿಂದ ಹೋದಳು ಅಂತ ಎಲ್ಲರೂ ಅಂದುಕೊಂಡರು. ಓಣಿ ದಾಟಿ ತನ್ನ ಮನೆಗೆ ಹೋದವಳು ಸೆರಗಿನಡಿ ಏನೋ ಹಿಡಿದು ವಾಪಸು ಬಂದಳು. ಒಂದು ಸ್ಟೀಲಿನ ಡಬ್ಬಿ. ಸಾಹುಕಾರನ ಮುಂದೆ ಇಟ್ಟಳು.

“ನಾನೂ ಕಳ್ಳಿನ. ಇದು ನಿನ್ನ ಮನಿದು. ಬ್ಯಾಳಿ ಹಾಕಿ ಕೊಟ್ಟಿದ್ಲು, ಜ್ವರ ಬರೂ ಮುಂಚಿನ ವಾರ. ಹೆಂಗ ತಿರುಗಿ ಕೊಡಲಿ? ಖಾಲಿ ಕೊಡಬಾರದು. ಸಕ್ರಿ ಹಾಕಿ ಕೊಡೂಣಂದ್ರ ಸತ್ತ ಮನಿಗೆ ಸಿಹಿ ಒಯ್ಯಬಾರದು ಅಂತ ಯಾರೋ ಅಂದ್ರು. ಡಬ್ಬಿ ಮನ್ಯಾಗ ಇಟಗೊಂಡು ನಿನಗ ಹೆಂಗ ಮಾರಿ ತೋರಸಲಿ? ಅದಕ್ಕ ಸಂದ್ಯಾಗ ತಿರುಗತಿದ್ದೆ.”

ನೋಡಿ, ‘ಯಾರೋ ಅಂದರು’. ನಮ್ಮ ನಾಡಿನ ಅರ್ಧ ಶಾಸ್ತ್ರ ಬರೆದವನು ಈ ‘ಯಾರೋ’. ಅವನನ್ನು ಕಂಡವರಿಲ್ಲ.

ಮೇಷ್ಟ್ರ ಹೆಂಡತಿ ಸದ್ದಿಲ್ಲದೆ ಜಾರಿಕೊಂಡಳು, ಒಂದು ಜರಡಿ ಹಿಡಿದು ಬಂದಳು. ಗಿರಣಿಯವನು ತಲೆ ಕೆರೆದುಕೊಂಡು ಹೋದ. ಬಂದಾಗ ಅವನ ಕೈಯಲ್ಲಿ ತಂಬಿಗೆ. ಹದಿನೈದು ದಿನದಿಂದ ಅವನು ಸಾರು ಕುಡಿಯುತ್ತಿದ್ದನಲ್ಲ, ಅದೇ ತಂಬಿಗೆ! ಹೀಗೆ ಓಣಿಯ ಪ್ರತಿ ಮನೆಯಿಂದಲೂ ಒಂದೊಂದು ಬಂತು. ಅವಳು ಬದುಕಿದ್ದಾಗ ಕೊಟ್ಟದ್ದು, ಇವನಿಗೆ ಗೊತ್ತೇ ಇಲ್ಲದ್ದು. ಎಲ್ಲದರ ಅಂಚಿನಲ್ಲೂ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿತ್ತು.

ಸಾಹುಕಾರ ಡಬ್ಬಿ ಎತ್ತಿಕೊಂಡ. ಬೆಳಕಿಗೆ ಹಿಡಿದ. ಚುಕ್ಕಿಗಳ ಮೇಲೆ ಬೆರಳಾಡಿಸಿದ. ಓದು ಕಲಿಯುವವರಂತೆ, ಗೊತ್ತಾಗದೆಯೇ, ಬಾಯಿಬಿಟ್ಟು ಓದಿದ.

“ಕಾ… ಶ… ವ್ವ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಗ ಮುದುಕಿ ಏನು ಮಾಡಿದಳು ಗೊತ್ತೇ? ಚಪ್ಪಾಳೆ ತಟ್ಟಿದಳು.

“ಕೇಳಿದ್ರೇನ ಎಲ್ಲಾರೂ? ಹೆಂಡ್ತಿ ಹೆಸರ ತಗೊಂಡಾ! ಬರೇ ಹೆಸರ ಹೇಳಿದ್ರ ಬಿಡೂದಿಲ್ಲೋ ಯಪ್ಪಾ. ಮೂವತ್ತ ವರ್ಷದ ಒಡಪು ಉಳಸಗೊಂಡಿ. ಅವತ್ತ ಭುಜಲೆ ಗುದ್ದಿ ಒಳಗ ಹೋದಿ. ಹಾಕು ಈಗ.”

ಮೇಷ್ಟ್ರ ಹೆಂಡತಿ ಗಾಬರಿಯಾದಳು. “ದೊಡ್ಡವ್ವ, ಸತ್ತವರ ಹೆಸರಿಗೆ ಒಡಪು ಹಾಕಬಾರದಂತ.”

“ಯಾರ ಹೇಳಿದ್ರು?”

“ಯಾರೋ…”

“ಆ ಯಾರೋನ್ನ ಕರಕೊಂಡ ಬಾ. ನನ್ನ ಮುಂದ ನಿಂದ್ರಸು.” ಮುದುಕಿ ಅಡುಗೆಮನೆಯ ಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತಳು. “ಒಡಪು ಹಾಕದ ಯಾರನ್ನೂ ಹೊರಗ ಬಿಡೂದಿಲ್ಲ.”

ಸಾಹುಕಾರ ಡಬ್ಬಿ ನೋಡಿದ, ಹಲಗೆಯ ಮೇಲಿನ ಬಟ್ಟಲುಗಳನ್ನು ನೋಡಿದ, ಮೊಸರಿನ ಗಡಿಗೆ ನೋಡಿದ. ಗಂಟಲು ಸರಿಮಾಡಿಕೊಂಡ. ಅವನ ಕಿವಿ ಕೆಂಪಗಾಗಿತ್ತು, ಮದುಮಗನ ಕಿವಿಯಂತೆ.

“ಹತ್ತ ಎಮ್ಮಿ ಹಿಂಡಿದ್ರೂ ಹೆಪ್ಪಿಲ್ದ ಆಗಲಿಲ್ಲ ಮಸರ,
ಹತ್ತ ಮಂದ್ಯಾಗ ಹೇಳ್ತೀನಿ ಕಾಶವ್ವನ ಹೆಸರ.”

ಗಿರಣಿಯವನು ‘ಭಲೆ!’ ಅಂದ. ಹೆಂಗಸರು ನಕ್ಕರು, ನಗುತ್ತ ಕಣ್ಣು ಒರೆಸಿಕೊಂಡರು. ಮುದುಕಿ ಕೈ ಇಳಿಸಿದಳು. “ಸಾಧಾರಣ ಐತಿ” ಅಂದಳು. “ಆಕಿ ಹಾಕಿದ್ದು ಇದಕ್ಕಿಂತ ಚಲೋ ಇತ್ತು.”

ಎಲ್ಲರೂ ತಮ್ಮ ತಮ್ಮ ಬಟ್ಟಲು ತೆಗೆದುಕೊಂಡರು. ಸಾಹುಕಾರ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ, ಒಂದೊಂದಕ್ಕೂ ಒಂದು ಸವುಟು ಮೊಸರು ಬಿಟ್ಟ. ಕೊನೆಗೆ ಹೊರಟವಳು ಎದುರುಮನೆ ಮುದುಕಿ. ಅವಳ ಹಿತ್ತಾಳೆ ಬಟ್ಟಲು ಹಲಗೆಯ ಮೇಲೆಯೇ ಇತ್ತು.

“ದೊಡ್ಡವ್ವ, ಬಟ್ಟಲಾ ಮರತಿ.”

“ನನಗೇನ ಮರವು ಬಂದೈತೇನ?” ಅಂದಳು. “ಇರಲಿ ಅಲ್ಲೇ.” ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ತಿರುಗಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಅಂದಳು: “ಬರ್ತೀನಿ!”

ಕಥೆ ಇಷ್ಟೇ. ನಕ್ಕಿರಿ, ಸಂತೋಷ. ಈಗ ನಿಮ್ಮ ಸರದಿ.

ಕೊಡುವುದು ದೊಡ್ಡದು ಅಂತ ಎಲ್ಲ ಪ್ರವಚನಗಳಲ್ಲೂ ಕೇಳಿದ್ದೀರಿ. ನಾನೂ ಹೇಳಿದ್ದೇನೆ. ಇವತ್ತು ಉಲ್ಟಾ ಹೇಳುತ್ತೇನೆ: ಕೇಳಿ. ಬಾಯಿಬಿಟ್ಟು ಕೇಳಿ. ಕೊಡುವವನು ಎತ್ತರದಲ್ಲಿ ನಿಂತಿರುತ್ತಾನೆ, ಅವನಿಗೇನು ಕಷ್ಟ? ಕೇಳುವವನು ಹೊಸ್ತಿಲು ದಾಟಿ ಇಳಿಯಬೇಕು. ನಿಮ್ಮ ಮನೆಯಲ್ಲಿ ಎಲ್ಲವೂ ಇದೆ, ಫ್ರಿಜ್ಜಿನಲ್ಲಿ ಮೊಸರಿನ ಪಾಕೀಟೂ ಇದೆ. ಅದಕ್ಕೇ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಹಾಲು ಎಷ್ಟಿದ್ದರೇನು, ನಿನ್ನೆಯ ಮೊಸರಿನ ಒಂದು ಹನಿ ಬೀಳದೆ ಇವತ್ತಿನದು ಹೆಪ್ಪುಗಟ್ಟುವುದಿಲ್ಲ. ನಿಮ್ಮ ಮನೆಯ ಹೆಪ್ಪು ಹೋಗಿದ್ದರೆ ಇನ್ನೊಬ್ಬರ ಮನೆಯದು ತರಬೇಕು. ಆಳಿನ ಮನೆಯದಾದರೂ ತರಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು, ಇದನ್ನು ನಿಧಾನವಾಗಿ ಹೇಳುತ್ತೇನೆ. ಸಾವಾದ ಮನೆಗೆ ನೀವೆಲ್ಲ ಹೋಗಿದ್ದೀರಿ. ಮಾತಿಲ್ಲದೆ ಎದ್ದು ಬಂದಿದ್ದೀರಿ. ಪದ್ಧತಿ, ತಪ್ಪಲ್ಲ. ಆದರೆ ಪದ್ಧತಿ ಒಂದು ಸಲಕ್ಕೆ. ಎರಡನೆಯ ಸಲ ಹೋದಿರಾ? ಯಾವ ಕಾರಣವೂ ಇಲ್ಲದೆ, ಅಳಲಿಕ್ಕಲ್ಲದೆ, ಸಮಾಧಾನ ಹೇಳಲಿಕ್ಕಲ್ಲದೆ? ಸಮಾಧಾನ ಅವರಿಗೆ ಸಾಕಾಗಿದೆ. ಸುಮ್ಮನೆ ಹೋಗಿ. ಚಟ್ನಿಪುಡಿ ಕೇಳಿ. ಹದಿನೈದು ನಿಮಿಷ ನಿಮ್ಮ ಮೊಣಕಾಲಿನ ಮಾತಾಡಿ. ಹೋದವರ ಹೆಸರನ್ನು ಹೆದರದೆ ಹೇಳಿ. ಹೊರಡುವಾಗ ಅಂದು ಬಾಯಲ್ಲಿ ಉಳಿದುಹೋದ ಆ ಒಂದು ಪದವನ್ನು ಹೊಸ್ತಿಲಲ್ಲಿ ನಿಂತು ಹೇಳಿ. ಅವರ ಕಿವಿ ಅಂದಿನಿಂದ ಅದಕ್ಕೇ ಕಾಯುತ್ತಿದೆ. ನಿಮ್ಮೂರಲ್ಲಿ ಯಾವ ಮನೆ ಬಂದರೆ ನೀವು ಸಂದಿಯಲ್ಲಿ ತಿರುಗುತ್ತೀರಿ? ನಿಮಗೆ ಗೊತ್ತು. ನಾಳೆ ತಿರುಗಬೇಡಿ.

‘ನೋಡೋಣ, ಹೋಗೋಣ’ ಅಂತ ನೀವು ತಲೆ ಆಡಿಸುತ್ತೀರಿ. ನೀವು ತಲೆ ಆಡಿಸುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೆ ಇವತ್ತು ಬರೀ ಮಾತಿಗೆ ನಿಲ್ಲಿಸಿಲ್ಲ. ಪಾತ್ರೆಗಳ ಮಾತು ಕೊನೆಗೆ ಅಂದಿದ್ದೆನಲ್ಲ? ಪ್ರಸಾದಕ್ಕೆ ಮನೆಯಿಂದ ತಂದ ಪಾತ್ರೆಗಳನ್ನು ನಮ್ಮ ಅಡುಗೆಯವರು ತೊಳೆದಿದ್ದಾರೆ. ತೊಳೆದು, ನಾನು ಹೇಳಿದಂತೆ, ಪೂರಾ ಅದಲುಬದಲು ಮಾಡಿಬಿಟ್ಟಿದ್ದಾರೆ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೆ ಒಂದೊಂದು ಕೊಡುತ್ತಾರೆ. ನಿಮ್ಮದು ನಿಮಗೆ ಬಂದರೆ ಅದು ಅಡುಗೆಯವರ ತಪ್ಪು, ನನ್ನದಲ್ಲ. ಕೂಗಬೇಡಿ! ಕೂತುಕೊಳ್ಳಿ! ನೋಡಿ, ಕಂಬದ ಹಿರಿಯರೂ ಎದ್ದರು. ಅಂಚಿನಲ್ಲಿ ಹೆಸರಿದೆ, ಓದಿ. ಮನೆ ಹುಡುಕಿ. ಹೋಗಿ ಕೂತುಕೊಳ್ಳಿ. ಖಾಲಿ ಒಯ್ಯಬೇಡಿ.

ಬೈಯುವುದಿದ್ದರೆ ಮಠದ ಬಾಗಿಲು ಬೆಳಿಗ್ಗೆಯಿಂದಲೇ ತೆರೆದಿರುತ್ತದೆ, ಬಂದು ಬೈಯಿರಿ. ನಾನೀಗ ಇಳಿಯುತ್ತೇನೆ. ನನ್ನ ಲೋಟವೂ ಆ ರಾಶಿಯಲ್ಲಿದೆ, ಯಾರ ಮನೆಗೆ ಹೋಗುತ್ತದೋ ಅವರ ಮನೆಗೆ ಬರ್ತೀನಿ.